ಸಮುದ್ರ ತೀರದಲ್ಲಿ ಗಾಳ ಹಾಕುತ್ತೀರಾ? ಈ ಫಾರ್ವರ್ಡ್‌ಗಳನ್ನು ನಂಬುವ ಮೊದಲು ಇದನ್ನು ಓದಿ

"ಅಲೆ ಒಡೆಯದೆ ನೀರು ಕಪ್ಪಗೆ, ಶಾಂತವಾಗಿ ಕಾಣುವ ಜಾಗ ನೋಡಿ ಇಳಿಯಿರಿ. ಮೀನೂ ಗ್ಯಾರಂಟಿ, ಅಪಾಯವೂ ಇಲ್ಲ."

ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ಕರಾವಳಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಟಿಪ್ಸ್ ಓಡಾಡಲು ಶುರು. ವಾರಾಂತ್ಯಕ್ಕೆ ಬೆಂಗಳೂರಿನಿಂದ ರಾಡು, ರೀಲು ಹಿಡಿದು ಬರುವವರೂ ಈಗ ಕಡಿಮೆಯಿಲ್ಲ. ಮೇಲಿನ ಸಂದೇಶ ಪೂರ್ತಿ ಸುಳ್ಳಾಗಿದ್ದರೆ ನಮಗೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ಅದರಲ್ಲಿ ಅರ್ಧ ನಿಜ. ಅಲ್ಲಿ ಮೀನು ಸಿಗುವ ಸಾಧ್ಯತೆ ಹೆಚ್ಚು, ಅದು ಸರಿ. ಉಳಿದರ್ಧವನ್ನು ನಂಬಿ ನೀರಿಗಿಳಿದರೆ ವಾಪಸ್ ಬರುವುದು ಕಷ್ಟ.

ಶಾಂತವಾಗಿರುವ ಆ ಜಾಗ ಯಾವುದು?

ಬೀಚಿನಲ್ಲಿ ಅಲೆ ಒಡೆದು ಬಿಳಿ ನೊರೆಯಾಗುವುದು ನೀರು ಆಳ ಕಡಿಮೆ ಇರುವಲ್ಲಿ, ಅಂದರೆ ಮರಳಿನ ದಿಬ್ಬದ ಮೇಲೆ. ಎರಡು ದಿಬ್ಬಗಳ ನಡುವೆ ಆಳವಾದ ಕಾಲುವೆಯಂಥ ಜಾಗ ಇರುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ. ಮೇಲಿಂದ ನೋಡಿದರೆ ಬಿಳಿ ನೊರೆಯ ಸಾಲಿನ ನಡುವೆ ಒಂದು ಕಪ್ಪು ಓಣಿ ಬಿಟ್ಟಂತೆ ಕಾಣುತ್ತದೆ. ಅಲೆಗಳು ಮರಳು ಕೆದಕಿದಾಗ ಹೊರಬೀಳುವ ಹುಳು, ಸಣ್ಣ ಸಿಗಡಿ, ಏಡಿಗಳೆಲ್ಲ ಈ ಓಣಿಗೆ ಬಂದು ಸೇರುತ್ತವೆ. ಅವನ್ನು ತಿನ್ನಲು ಮೀನು ಬರುತ್ತದೆ. ಹಳೆಯ ಗಾಳಗಾರರಿಗೆ ಇದು ಗೊತ್ತಿರುವ ವಿಷಯವೇ.

ಆದರೆ ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಂದಲೋ ವಾಪಸ್ ಹೋಗಲೇಬೇಕು. ಅದು ಹೋಗುವುದೂ ಇದೇ ಓಣಿಯಿಂದ. ಇದನ್ನೇ ರಿಪ್ ಕರೆಂಟ್ ಅನ್ನುವುದು, ದಡದಿಂದ ಆಳಕ್ಕೆ ಹರಿಯುವ ಒಂದು ಕಿರಿದಾದ ಹೊಳೆ ಅಂದುಕೊಳ್ಳಿ. ಸಾಮಾನ್ಯವಾಗಿ ಇದರ ವೇಗ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸು. ಜೋರಾದಾಗ 2 ಮೀಟರ್ ದಾಟುತ್ತದೆ. ಒಲಿಂಪಿಕ್ಸ್ ಈಜುಗಾರ ಕೂಡ ಅಷ್ಟು ವೇಗದ ಎದುರು ಈಜಿ ದಡ ಸೇರಲಾರ. "ನನಗೆ ಈಜು ಬರುತ್ತದೆ" ಅನ್ನುವ ಧೈರ್ಯ ಕೆರೆಯಲ್ಲಿ, ಈಜುಕೊಳದಲ್ಲಿ ಸರಿ, ಇಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಗಾಳ ಹಾಕಬಾರದೇ? ಹಾಕಿ. ದಡಕ್ಕೆ ಬಂದ ಕೂಡಲೇ ಎರೆ ಸಿಕ್ಕಿಸಬೇಡಿ, ಅಷ್ಟೇ. ರಸ್ತೆಯ ಮೇಲೋ ದಿಣ್ಣೆಯ ಮೇಲೋ ನಿಂತು ಹದಿನೈದು ನಿಮಿಷ ನೀರು ನೋಡಿ. ನೊರೆ ಎಲ್ಲಿ, ಕಪ್ಪು ಓಣಿ ಎಲ್ಲಿ, ಕಸಕಡ್ಡಿ ಯಾವ ಕಡೆ ತೇಲಿ ಹೋಗುತ್ತಿದೆ ಅನ್ನುವುದು ತಾನಾಗಿಯೇ ಕಾಣುತ್ತದೆ. ಆಮೇಲೆ ಓಣಿಯ ಪಕ್ಕದಲ್ಲಿ ಒಣ ಮರಳಿನ ಮೇಲೆ ನಿಂತು ಓರೆಯಾಗಿ ಅದರೊಳಕ್ಕೆ ಗಾಳ ಎಸೆಯಿರಿ. ನೀವು ಹೊರಗೆ, ಗಾಳ ಮಾತ್ರ ಒಳಗೆ.

ಅಕಸ್ಮಾತ್ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ. ರಿಪ್ ಕರೆಂಟ್ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. "ಒಳಗೆ ಎಳೆದುಕೊಂಡು ಹೋಗುತ್ತದೆ" ಅನ್ನುವ ಹೆದರಿಕೆಯಲ್ಲೇ ಹೆಚ್ಚಿನವರು ಒದ್ದಾಡಿ ಸೋಲುತ್ತಾರೆ. ಅಂಗಾತ ತೇಲಿ, ಒಂದು ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಬಿಳಿ ನೊರೆ ಕಾಣುವ ಕಡೆಗೆ ಈಜಿ. ಅಲ್ಲಿ ಆಳ ಕಡಿಮೆ, ಅಲೆಯೇ ನಿಮ್ಮನ್ನು ದಡಕ್ಕೆ ತಳ್ಳುತ್ತದೆ.

"ದೂರ ಎಸೆದಷ್ಟು ದೊಡ್ಡ ಮೀನು"

ಇದು ಯೂಟ್ಯೂಬ್‌ನಿಂದ ಬಂದ ನಂಬಿಕೆ ಅಂತ ನಮ್ಮ ಗುಮಾನಿ. ಇದರಿಂದಾಗುವ ತೊಂದರೆ ಏನೆಂದರೆ, ಇನ್ನೂ ಹತ್ತು ಮೀಟರ್ ದೂರ ಬೀಳಲಿ ಎಂದು ಜನ ಸೊಂಟದವರೆಗೆ ನೀರಿಗೆ ಇಳಿಯುತ್ತಾರೆ. ನಮ್ಮ ತೀರದ ಮರಳಿನಲ್ಲಿ ಗಾಳಕ್ಕೆ ಸಿಗುವ ಒಳ್ಳೆಯ ಮೀನು ಕಾಣೆ, ಕಾರವಾರದ ಕಡೆ ನೊಗ್ಲಿ. ಅದು ಮರಳಿನ ಹುಳು, ಸಿಗಡಿ ಹುಡುಕುತ್ತಾ ದಡಕ್ಕೆ ತೀರಾ ಹತ್ತಿರ ಬರುವ ಮೀನು. ಮೊದಲ ದಿಬ್ಬದ ಈಚೆಯೇ ಓಡಾಡುತ್ತಿರುತ್ತದೆ. ನಮ್ಮಲ್ಲೊಬ್ಬರ ಊರು ಕುಂದಾಪುರದ ಹತ್ತಿರ. ಅವರ ಮಾವ ಹಳೆಯ ಬಾಟಲಿಗೆ ನೈಲಾನ್ ದಾರ ಸುತ್ತಿಕೊಂಡು, ಸಣ್ಣ ಗಾಳ, ಒಂದು ಸೀಸದ ತುಂಡು, ಅರ್ಧ ಸಿಗಡಿ ಇಷ್ಟರಲ್ಲೇ ಸಂಜೆಯ ಸಾರಿಗಾಗುವಷ್ಟು ಕಾಣೆ ಹಿಡಿಯುತ್ತಿದ್ದರಂತೆ. ಪಾದ ಒದ್ದೆಯಾಗುವುದಕ್ಕಿಂತ ಮುಂದೆ ಅವರು ಹೋದದ್ದೇ ಇಲ್ಲ.

ಆರು ಸಾವಿರ ರೂಪಾಯಿಯ ರಾಡು ಬೇಡ ಅನ್ನುತ್ತಿಲ್ಲ, ಇದ್ದರೆ ಸಂತೋಷ. ಆದರೆ ಸಣ್ಣ ಬಾಯಿಯ ಮೀನಿಗೆ ದೊಡ್ಡ ಗಾಳ ಕಟ್ಟಿ "ಇಲ್ಲಿ ಮೀನೇ ಇಲ್ಲ" ಅನ್ನುವವರನ್ನು ನೋಡಿದ್ದೇವೆ. ಬೆಳಗಿನ ಜಾವ ಅಥವಾ ಸಂಜೆ, ಭರತ ಏರುತ್ತಿರುವ ಹೊತ್ತು, ಹೊಸ ಎರೆ. ಕಾಣೆಗೆ ಇಷ್ಟು ಸಾಕು.

ಅಳಿವೆಬಾಗಿಲಿನ ವಿಷಯ ಬೇರೆ. ನದಿ ಸಮುದ್ರ ಸೇರುವಲ್ಲಿ ಕೆಂಬೇರಿಯಂಥ ದೊಡ್ಡ ಮೀನು ಸಿಗುತ್ತದೆ ಎಂದು ಅಲ್ಲಿಗೆ ಹೋಗುವವರು ಬಹಳ. ಇಳಿತದ ಹೊತ್ತಿಗೆ ನದಿಯ ನೀರೂ ಸಮುದ್ರದ ನೀರೂ ಒಟ್ಟಿಗೇ ಹೊರಗೆ ನುಗ್ಗುತ್ತವೆ. ಅಲ್ಲಿನ ಮರಳಿನ ಅಂಚು ನಿಂತಲ್ಲೇ ಕುಸಿಯುವುದೂ ಉಂಟು. ಅಳಿವೆಯಲ್ಲಿ ಮೊಣಕಾಲು ನೀರಿಗೂ ಇಳಿಯಬೇಡಿ.

"ಏಳನೇ ಅಲೆ ದೊಡ್ಡದು, ಆರು ಎಣಿಸಿ ಹಿಂದೆ ಸರಿಯಿರಿ"

ಸುಳ್ಳು. ಅಲೆಗಳು ಗುಂಪು ಗುಂಪಾಗಿ ಬರುವುದು ನಿಜ. ಒಂದಷ್ಟು ಸಣ್ಣವು, ಆಮೇಲೆ ಕೆಲವು ದೊಡ್ಡವು. ಆದರೆ ಆ ಗುಂಪಿನಲ್ಲಿ ಎಷ್ಟು ಅಲೆ ಎನ್ನುವುದಕ್ಕೆ ನಿಗದಿ ಇಲ್ಲ. ಬಂಡೆಯ ಮೇಲೆ ನಿಂತು ಗಾಳ ಹಾಕುವವರಿಗೆ ಈ ಎಣಿಕೆ ಬಹಳ ಅಪಾಯಕಾರಿ.

ಇಲ್ಲಿ ಒಂದು ಲೆಕ್ಕ ಹೇಳುತ್ತೇವೆ, ಸ್ವಲ್ಪ ತಾಳ್ಮೆಯಿಂದ ಓದಿ. ಹವಾಮಾನ ಮುನ್ಸೂಚನೆಯಲ್ಲಿ "ಅಲೆಯ ಎತ್ತರ 1.5 ಮೀಟರ್" ಎಂದು ಬಂದರೆ ಎಲ್ಲ ಅಲೆಯೂ ಒಂದೂವರೆ ಮೀಟರ್‌ನೊಳಗೆ ಅಂತ ಅರ್ಥವಲ್ಲ. ಎತ್ತರದ ಅಲೆಗಳಲ್ಲಿ ಮೂರನೇ ಒಂದು ಭಾಗವನ್ನು ತೆಗೆದುಕೊಂಡು ಅವುಗಳ ಸರಾಸರಿ ಹೇಳುವುದು ರೂಢಿ. ಹತ್ತು ಸೆಕೆಂಡಿಗೆ ಒಂದರಂತೆ ಅಲೆ ಬಂದರೆ ಮೂರು ಗಂಟೆಯಲ್ಲಿ ಸಾವಿರಕ್ಕೂ ಹೆಚ್ಚು ಅಲೆ. ಆ ಸಾವಿರದಲ್ಲಿ ಒಂದು, ಹೇಳಿದ ಎತ್ತರಕ್ಕಿಂತ ಸುಮಾರು 1.8 ಪಟ್ಟು ದೊಡ್ಡದಿರುತ್ತದೆ. ಅಂದರೆ 1.5 ಮೀಟರ್ ಎಂದು ನಂಬಿ ಹೋದ ದಿನ 2.7 ಮೀಟರಿನ ಒಂದು ಅಲೆ ಬರುವುದು ಆಶ್ಚರ್ಯವಲ್ಲ, ನಿರೀಕ್ಷಿತ. "ಎರಡು ಗಂಟೆಯಿಂದ ಇಲ್ಲೇ ಇದ್ದೆವು, ಒಂದು ಹನಿಯೂ ಬಿದ್ದಿರಲಿಲ್ಲ, ಎಲ್ಲಿಂದಲೋ ಒಂದು ಅಲೆ ಬಂತು" ಅನ್ನುವ ಮಾತಿನ ಹಿಂದೆ ಇರುವುದು ಈ ಲೆಕ್ಕವೇ.

ಬಂಡೆಯೇ ಸುಳಿವು ಕೊಡುತ್ತದೆ. ಒದ್ದೆಯಾಗಿದ್ದರೆ ಇತ್ತೀಚೆಗೆ ಅಲ್ಲಿಗೆ ಅಲೆ ಬಂದಿದೆ. ಹಸಿರು ಅಥವಾ ಕಪ್ಪು ಪಾಚಿ, ಚಿಪ್ಪು ಅಂಟಿದ್ದರೆ ಅಲ್ಲಿಗೆ ನೀರು ದಿನವೂ ಬರುತ್ತದೆ. ಕಪ್ಪು ಪಾಚಿ ಒಣಗಿದಂತೆ ಕಂಡರೂ ಒಂದು ಹನಿ ಬಿದ್ದರೆ ಎಣ್ಣೆ ಸವರಿದ ಹಾಗೆ. ಉಳ್ಳಾಲದ ಸೋಮೇಶ್ವರ, ಕಾಪುವಿನ ದೀಪಸ್ತಂಭದ ಬಂಡೆ, ಸೇಂಟ್ ಮೇರಿಸ್ ದ್ವೀಪ, ಗೋಕರ್ಣದ ಬೀಚುಗಳ ನಡುವಿನ ಬಂಡೆಗಳು, ಎಲ್ಲ ಕಡೆ ಇದೇ ಕಥೆ. ಹವಾಯಿ ಚಪ್ಪಲಿಯಲ್ಲಿ ಹೋಗಬೇಡಿ. ಬಂದರಿನ ತಡೆಗೋಡೆಗೆ ಹಾಕಿದ ಟೆಟ್ರಾಪಾಡ್‌ಗಳ ಮೇಲಂತೂ ನಿಲ್ಲಲೇಬೇಡಿ. ಜಾರಿದರೆ ಸಂದಿಯೊಳಗೆ ಸಿಕ್ಕಿಹಾಕಿಕೊಳ್ಳುತ್ತೀರಿ, ಹೊರಗಿನವರಿಗೆ ಕಾಣುವುದೂ ಇಲ್ಲ.

ಅಲೆಗೆ ಬೆನ್ನು ಹಾಕಬಾರದು, ಸೆಲ್ಫಿಗಂತೂ ಬೇಡವೇ ಬೇಡ. ಬಿದ್ದೇಬಿಟ್ಟರೆ ಕೂಡಲೇ ಅದೇ ಬಂಡೆ ಹತ್ತಲು ನೋಡಬೇಡಿ, ಮುಂದಿನ ಅಲೆ ನಿಮ್ಮನ್ನು ಅದಕ್ಕೇ ಅಪ್ಪಳಿಸುತ್ತದೆ. ರಾಡು ಬಿಟ್ಟುಬಿಡಿ, ಬಂಡೆಯಿಂದ ದೂರ ಸರಿದು ತೇಲಿ. ಇದಕ್ಕಾಗಿಯೇ ಲೈಫ್ ಜಾಕೆಟ್ ಬೇಕೆನ್ನುವುದು. ಬಂಡೆಯ ಮೇಲೆ ನಿಂತು ಗಾಳ ಹಾಕುವವನಿಗೆ ಲೈಫ್ ಜಾಕೆಟ್ ಎಂದರೆ ನಮ್ಮಲ್ಲಿ ನಗುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2016ರಲ್ಲಿ ಇದಕ್ಕೆಂದೇ ಕಾನೂನು ಮಾಡಿ, ಗುರುತಿಸಿದ ಜಾಗಗಳಲ್ಲಿ ಅದನ್ನು ಕಡ್ಡಾಯ ಮಾಡಿದೆ.

"ಗಾಳಿಯಿಲ್ಲ, ಮಳೆಯಿಲ್ಲ, ಸಮುದ್ರ ಶಾಂತ"

ಮಳೆಗಾಲದಲ್ಲಿ ಸಮುದ್ರಕ್ಕಿಳಿಯಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳೇ ಕಡಲಿಗೆ ಹೋಗುವುದಿಲ್ಲ. ಆ ನಿಷೇಧ ದೋಣಿಗಳಿಗೆ, ದಡದ ಗಾಳಕ್ಕಲ್ಲ ಎಂದು ವಾದಿಸುವವರಿದ್ದಾರೆ. ಕಾನೂನಿನ ಮಾತು ಹಾಗಿರಲಿ, ಅಲೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಇದರ ಇನ್ನೊಂದು ಮುಖವೇ "ಉಳಿದ ಕಾಲದಲ್ಲಿ ಏನೂ ಆಗುವುದಿಲ್ಲ" ಅನ್ನುವ ನಂಬಿಕೆ. 2024ರಲ್ಲಿ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡದ್ದು ಡಿಸೆಂಬರ್‌ನಲ್ಲಿ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಅಲೆ ಏಳಲು ನಮ್ಮೂರಿನಲ್ಲಿ ಗಾಳಿ ಬೀಸಬೇಕಾಗಿಲ್ಲ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಕೆಲವು ದಿನಗಳ ನಂತರ ಇಲ್ಲಿಗೆ ಮುಟ್ಟುತ್ತವೆ. ಆಕಾಶ ನೀಲಿ, ಗಾಳಿ ಇಲ್ಲ, ಆದರೂ ನೀರು ಇದ್ದಕ್ಕಿದ್ದಂತೆ ಉಕ್ಕುತ್ತದೆ. ಕೇರಳದ ಮೀನುಗಾರರು ಇದಕ್ಕೆ ಕೊಟ್ಟ ಹೆಸರು ಕಳ್ಳಕ್ಕಡಲ್. ನಮ್ಮ ಕಳ್ಳ ಕಡಲು ಎನ್ನುವುದಕ್ಕೂ ಅದಕ್ಕೂ ಒಂದೆರಡು ಅಕ್ಷರದ ಅಂತರ. ವಿಜ್ಞಾನಿಗಳೂ ಈಗ ಅದೇ ಹೆಸರನ್ನು ಬಳಸುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಇದು ಹೆಚ್ಚು. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಬೀಚೊಂದರಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ತೀರಿಕೊಂಡಾಗ ಕಳ್ಳಕ್ಕಡಲ್ ಎಚ್ಚರಿಕೆ ಜಾರಿಯಲ್ಲಿತ್ತು.

ಎಚ್ಚರಿಕೆ ಕೊಡುವುದು ಹೈದರಾಬಾದಿನ ಇನ್‌ಕಾಯಿಸ್, ಅಂದರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ. ಅದರ ವೆಬ್‌ಸೈಟ್‌ನಲ್ಲೂ 'ಸಮುದ್ರ' ಆ್ಯಪ್‌ನಲ್ಲೂ ನಿಮ್ಮ ಜಿಲ್ಲೆಯ ಅಲೆಯ ಸ್ಥಿತಿ ಸಿಗುತ್ತದೆ. ಗಾಳಕ್ಕೆ ಹೋಗುವ ಹಿಂದಿನ ರಾತ್ರಿ ಎರಡು ನಿಮಿಷ ಇದಕ್ಕೆ ಕೊಡಿ. ಜೊತೆಗೆ ಸಿಡಿಲಿನ ಮುನ್ಸೂಚನೆಗೆ 'ದಾಮಿನಿ' ಆ್ಯಪ್. ತೆರೆದ ಬೀಚಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನಿಮ್ಮ ಕೈಯಲ್ಲಿರುವ ಕಾರ್ಬನ್ ರಾಡು. ಅದು ವಿದ್ಯುತ್ತನ್ನು ಚೆನ್ನಾಗಿಯೇ ಹರಿಸುತ್ತದೆ. ಗುಡುಗು ಕೇಳಿಸಿತೆಂದರೆ ರಾಡು ಮಲಗಿಸಿ ಕಾರಿನೊಳಗೋ ಕಟ್ಟಡದೊಳಗೋ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಿ.

ಹುಣ್ಣಿಮೆ, ಅಮಾವಾಸ್ಯೆಯ ಮಾತು ಏನು? "ಆ ದಿನ ಸಮುದ್ರ ಉಗ್ರವಾಗಿರುತ್ತದೆ" ಎನ್ನುವುದರಲ್ಲಿ ಸ್ವಲ್ಪ ನಿಜ ಇದೆ. ಸೂರ್ಯ, ಚಂದ್ರರ ಸೆಳೆತ ಕೂಡಿಕೊಳ್ಳುವುದರಿಂದ ಭರತ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಆ ಅಂತರ ಹೆಚ್ಚೆಂದರೆ ಸುಮಾರು 2 ಮೀಟರ್. ಅಲೆಯ ಎತ್ತರಕ್ಕೂ ಚಂದ್ರನಿಗೂ ಸಂಬಂಧವಿಲ್ಲ, ಅಲೆ ಗಾಳಿಯ ಕೂಸು. ಗಾಳಗಾರ ನೆನಪಿಡಬೇಕಾದ್ದು ಇಷ್ಟೇ: ಇಳಿತದಲ್ಲಿ ನಡೆದುಕೊಂಡು ಹೋದ ಬಂಡೆಗೆ ಭರತದಲ್ಲಿ ವಾಪಸ್ ದಾರಿ ಇರುವುದಿಲ್ಲ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಕಳೆದ ಭಾನುವಾರದ ಟೈಮಿಂಗ್ ಈ ಭಾನುವಾರಕ್ಕೆ ನಡೆಯುವುದಿಲ್ಲ.

ಚುಚ್ಚಿದರೆ, ಕಚ್ಚಿದರೆ

"ಅಂಬಲಿ ಮೀನು ತಾಗಿದರೆ ಮೂತ್ರ ಹೊಯ್ಯಿರಿ" ಎನ್ನುವ ಸಲಹೆ ಸಿನಿಮಾ, ಟೀವಿ ಕಾಲದಿಂದ ಓಡುತ್ತಿದೆ. ಮಾಡಬೇಡಿ. ಮೂತ್ರ, ಸಿಹಿನೀರು ಎರಡೂ ಚರ್ಮಕ್ಕೆ ಅಂಟಿರುವ ಒಡೆಯದ ವಿಷಕೋಶಗಳನ್ನು ಒಡೆಯುವಂತೆ ಮಾಡಬಹುದು. ಸಮುದ್ರದ ನೀರಿನಿಂದಲೇ ತೊಳೆದು, ಎಳೆಗಳನ್ನು ಚಿಮಟದಿಂದ ಎತ್ತಿ ತೆಗೆಯಿರಿ, ಉಜ್ಜಬೇಡಿ.

ತೊರಕೆಯ ಬಾಲದ ಮುಳ್ಳು, ಕಡಲಿನ ಕ್ಯಾಟ್‌ಫಿಶ್‌ನ ಮುಳ್ಳು ಚುಚ್ಚಿದರೆ ಉರಿ ಭಯಂಕರ. ಈ ವಿಷ ಬಿಸಿಗೆ ಕೆಡುತ್ತದೆ. ತಡೆದುಕೊಳ್ಳುವಷ್ಟು ಬಿಸಿ, ಅಂದರೆ 45 ಡಿಗ್ರಿ ಮೀರದ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಮುಳುಗಿಸಿಟ್ಟರೆ ನೋವು ಇಳಿಯುತ್ತದೆ. ನೋವಿರುವ ಕಾಲಿಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ, ಬೇರೆಯವರ ಕೈಯಲ್ಲಿ ಮುಟ್ಟಿಸಿ ನೋಡಿ. ಮುಳ್ಳು ಆಳವಾಗಿ ಹೊಕ್ಕಿದ್ದರೆ, ಅದರಲ್ಲೂ ಎದೆಗೋ ಹೊಟ್ಟೆಗೋ, ಕೀಳಬೇಡಿ, ಆಸ್ಪತ್ರೆಗೆ ಹೋಗಿ. ಗಾಳ ಬೆರಳಿಗೆ ಹೊಕ್ಕರೂ ಅಷ್ಟೇ, ಜೊತೆಗೆ ಟಿಟಿ ಇಂಜೆಕ್ಷನ್ ಮರೆಯಬೇಡಿ.

"ಕಡಲ ಹಾವಿನ ಬಾಯಿ ಸಣ್ಣದು, ಮನುಷ್ಯರನ್ನು ಕಚ್ಚಲಾರದು" ಎನ್ನುವುದು ಇನ್ನೊಂದು ಸುಳ್ಳು. ಗಾಳಕ್ಕೋ ಬಲೆಗೋ ಹಾವು ಸಿಕ್ಕರೆ ದಾರ ಕತ್ತರಿಸಿ ಬಿಡಿ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಹಾವಿನ ವಿಷದ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು, ಕಡಲ ಹಾವಿಗಲ್ಲ. ಕಚ್ಚಿದಾಗ ನೋವೇ ಇಲ್ಲದಿದ್ದರೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಹಿಡಿದ ಮೀನಿನ ವಿಷಯದಲ್ಲೂ ಎರಡು ಮಾತು. ಮೇಲೆತ್ತಿದ ಕೂಡಲೇ ಚೆಂಡಿನಂತೆ ಊದಿಕೊಳ್ಳುವ ಪಫರ್ ಮೀನನ್ನು "ಚೆನ್ನಾಗಿ ಹುರಿದರೆ ವಿಷ ಹೋಗುತ್ತದೆ" ಎಂದು ತಿನ್ನಬೇಡಿ. ಅದರ ಟೆಟ್ರೋಡೋಟಾಕ್ಸಿನ್ ಬೇಯಿಸಿದರೆ ಹೋಗುವುದಿಲ್ಲ, ಅದಕ್ಕೆ ಪ್ರತಿವಿಷವೂ ಇಲ್ಲ. ಎರಡನೆಯದು ಐಸ್. ಬಂಗುಡೆಯಂಥ ಮೀನನ್ನು ಬಿಸಿಲಿನ ಬಂಡೆಯ ಮೇಲೆ ಎರಡು ಮೂರು ಗಂಟೆ ಬಿಟ್ಟರೆ ಹಿಸ್ಟಮಿನ್ ಉಂಟಾಗುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಉಳಿಯುತ್ತದೆ. ತಿಂದ ಮೇಲೆ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬಂದರೆ "ನನಗೆ ಮೀನು ಅಲರ್ಜಿ" ಅಂದುಕೊಳ್ಳುತ್ತೇವೆ. ಬಹಳ ಸಲ ತಪ್ಪು ಮೀನಿನದ್ದಲ್ಲ, ಐಸ್ ಇಲ್ಲದ ಚೀಲದ್ದು.

ಮುಳುಗಿದವರನ್ನು ಉಪ್ಪಿನಲ್ಲಿ ಹೂತರೆ ಬದುಕುತ್ತಾರೆಯೇ?

ಈ ಲೇಖನ ಬರೆಯಲು ನಮಗೆ ಮುಖ್ಯ ಕಾರಣ ಈ ಫಾರ್ವರ್ಡ್. "ನೀರಿನಲ್ಲಿ ಮುಳುಗಿ ಸತ್ತವರನ್ನು ಕ್ವಿಂಟಾಲ್‌ಗಟ್ಟಲೆ ಉಪ್ಪಿನಲ್ಲಿ ಮುಚ್ಚಿಟ್ಟರೆ ಉಪ್ಪು ನೀರನ್ನು ಹೀರಿ ಮೂರು ನಾಲ್ಕು ಗಂಟೆಯಲ್ಲಿ ಜೀವ ಬರುತ್ತದೆ" ಎನ್ನುವ ಸಂದೇಶ ವರ್ಷಗಳಿಂದ ಓಡುತ್ತಿದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕುಟುಂಬ ಇದನ್ನು ನಂಬಿ ನೀರಿನಲ್ಲಿ ಮುಳುಗಿದ ಮಗುವಿನ ದೇಹವನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿಟ್ಟು ಕಾದಿತ್ತು. ಆ ತಂದೆತಾಯಿಯನ್ನು ನಾವು ತಮಾಷೆ ಮಾಡುವುದಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಏನನ್ನಾದರೂ ನಂಬುತ್ತಾರೆ. ಆದರೆ ಕಳುಹಿಸಿದವರು ಯೋಚಿಸಬೇಕಿತ್ತು.

ಉಪ್ಪು ಚರ್ಮದ ಮೂಲಕ ಶ್ವಾಸಕೋಶದ ನೀರನ್ನು ಹೀರಲಾರದು. ಅಷ್ಟೇ ಅಲ್ಲ, ಮುಳುಗಿದವರ ಪ್ರಾಣ ಹೋಗುವುದು ನೀರು ತುಂಬಿದ್ದಕ್ಕಿಂತ ಆಮ್ಲಜನಕ ಸಿಗದೆ. ಉಸಿರು, ಹೃದಯ ನಿಂತ ನಾಲ್ಕೈದು ನಿಮಿಷಗಳಲ್ಲೇ ಮೆದುಳಿಗೆ ಹಾನಿ ಶುರುವಾಗುತ್ತದೆ. ಉಪ್ಪು ತರಲು ಅಂಗಡಿಗೆ ಓಡಿದ ಹೊತ್ತೇ ಜೀವ ಉಳಿಸಬಹುದಾಗಿದ್ದ ಹೊತ್ತು. ಹೊಟ್ಟೆ ಅದುಮುವುದು, ತಲೆಕೆಳಗಾಗಿ ಹಿಡಿಯುವುದು, ಹೆಗಲ ಮೇಲೆ ಹೊತ್ತು ತಿರುಗಿಸುವುದು ಕೂಡ ಬೇಡ. ಹೊಟ್ಟೆಯ ನೀರು ಮೇಲೆ ಬಂದು ಶ್ವಾಸಕೋಶಕ್ಕೇ ಹೋಗುವ ಅಪಾಯವಿದೆ.

ಏನು ಮಾಡಬೇಕು? ಮೊದಲನೆಯದಾಗಿ, ಹಿಂದೆಯೇ ಹಾರಬೇಡಿ. ಒಬ್ಬನನ್ನು ಉಳಿಸಲು ಹೋಗಿ ಇನ್ನಿಬ್ಬರು ಹೋದ ಸುದ್ದಿ ಎಷ್ಟು ಓದಿದ್ದೇವೆ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಗಾಳದ ಚೀಲದಲ್ಲಿಟ್ಟುಕೊಳ್ಳಿ. ಎಸೆದರೆ ಹಿಡಿದು ತೇಲಬಹುದು, ಖರ್ಚು ಏನೂ ಇಲ್ಲ. ದೂರ ಎಸೆಯಬೇಕಾದರೆ ಕ್ಯಾನಿನಲ್ಲಿ ಒಂದು ಲೋಟ ನೀರು ಬಿಡಿ, ಗಾಳಿಗೆ ಹಾರುವುದಿಲ್ಲ.

ದಡಕ್ಕೆ ತಂದ ಮೇಲೆ ಅಂಗಾತ ಮಲಗಿಸಿ. ಕರೆದರೆ ಓಗೊಡುತ್ತಿಲ್ಲ, ಉಸಿರಾಟ ಇಲ್ಲ ಎಂದರೆ ಒಬ್ಬರು 112ಕ್ಕೆ ಕರೆ ಮಾಡಲಿ, ಇನ್ನೊಬ್ಬರು ತಡಮಾಡದೆ ಶುರು ಮಾಡಲಿ. ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎರಡರಿಂದ ಐದು ಸಲ ಉಸಿರು ಕೊಡಿ. ಮುಳುಗಿದವರಿಗೆ ಗಾಳಿಯೇ ಮೊದಲ ಔಷಧಿ. ಆಮೇಲೆ ಎದೆಯ ನಡುವೆ ಎರಡೂ ಅಂಗೈ ಇಟ್ಟು, ದೊಡ್ಡವರಿಗಾದರೆ 5 ಸೆಂಟಿಮೀಟರ್ ಒಳಹೋಗುವಷ್ಟು ಒತ್ತಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಪ್ರತಿ 30 ಒತ್ತಿಗೆ 2 ಉಸಿರು. ಉಸಿರು ಕೊಡಲು ಗೊತ್ತಿಲ್ಲದಿದ್ದರೆ ಒತ್ತುವುದನ್ನಾದರೂ ನಿಲ್ಲಿಸಬೇಡಿ, ಆಂಬುಲೆನ್ಸ್ ಬರುವವರೆಗೆ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಎದ್ದು ಕೂತು "ನಾನು ಸರಿಯಿದ್ದೇನೆ" ಎಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಫೋನಿನಲ್ಲಿ ಈಗಲೇ ಸೇವ್ ಮಾಡಿಕೊಳ್ಳಬೇಕಾದ ನಂಬರ್ ಮೂರು: ಯಾವುದೇ ತುರ್ತಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡ್‌ಗೆ 1554. ಕರೆ ಮಾಡಿದಾಗ "ಬೀಚ್ ಹತ್ತಿರ" ಎಂದಷ್ಟೇ ಹೇಳಿದರೆ ಅವರಿಗೆ ಜಾಗ ತಿಳಿಯುವುದಿಲ್ಲ. ಹತ್ತಿರದ ದೇವಸ್ಥಾನ, ದೀಪಸ್ತಂಭ, ಬಸ್ ಸ್ಟಾಪ್ ಯಾವುದು ಎಂದು ಗಾಳ ಹಾಕುವ ಮೊದಲೇ ನೋಡಿಟ್ಟುಕೊಳ್ಳಿ, ಯಾವ ಬೀಚಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿ ಹೊರಡಿ.